ಗಾಲಿಯ ಮೇಲೆ ಮನೆ, ನೆಲವಿಲ್ಲದ ಆಸ್ತಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ್ದು ನೆಲದ ಮೇಲೆ ನಿಲ್ಲುವ ಮನೆಯನ್ನು ಕುರಿತು. ಕಟ್ಟುವಾಗ ಎಷ್ಟೇ ಬವಣೆಪಟ್ಟರೂ ಒಮ್ಮೆ ಮುಗಿದ ಮನೆ ವರ್ಷ ಕಳೆದಂತೆ ಬೆಲೆ ಏರಿಸಿಕೊಳ್ಳುತ್ತದೆ ಎಂಬ ಭರವಸೆ ಕಟ್ಟಿಸಿದವನಿಗೆ ಇರುತ್ತದೆ. ಗೋಡೆ ಬಿರುಕು ಬಿಡಬಹುದು, ಹೆಂಚು ಜಾರಬಹುದು. ಕೆಳಗಿನ ನಿವೇಶನ ಮಾತ್ರ ಕರಗುವುದಿಲ್ಲ. ಆದರೆ ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆ, ಶೌಚಾಲಯ ಎಲ್ಲವೂ ಇದ್ದು, ಕೆಳಗೆ ಸ್ವಂತ ನೆಲವೇ ಇಲ್ಲದ ಮನೆಯೊಂದಿದೆ. ಅದು ಮೋಟರ್‌ಹೋಮ್.

ನಮ್ಮಲ್ಲಿ ಇಂಥ ವಾಹನ ಹೆಚ್ಚು ಜನರ ಕಣ್ಣಿಗೆ ಬಿದ್ದಿರುವುದು ಸಿನಿಮಾ ಚಿತ್ರೀಕರಣ ನಡೆಯುವ ಜಾಗಗಳಲ್ಲಿ. ನಟ, ನಟಿಯರ ವಿಶ್ರಾಂತಿಗಾಗಿ ನಿಲ್ಲಿಸಿರುವ ಆ ಉದ್ದನೆಯ ಗಾಡಿಯನ್ನು ‘ಕ್ಯಾರವಾನ್’ ಎಂದು ಕರೆಯುವುದು ರೂಢಿ. ಅಮೆರಿಕದಲ್ಲಿ ಅದೇ ಬಗೆಯ ವಾಹನ ಮಧ್ಯಮ ವರ್ಗದ ಕುಟುಂಬಗಳ ರಜೆಯ ಸಂಗಾತಿ. ಇನ್ನು ಕೆಲವರಿಗೆ ಅದೇ ಕಾಯಂ ಮನೆ. ಇಪ್ಪತ್ತು, ಮೂವತ್ತು, ಐವತ್ತು ವರ್ಷ ಹಳೆಯದಾದ ಮೋಟರ್‌ಹೋಮ್ ಒಂದನ್ನು ಅಗ್ಗಕ್ಕೆ ಕೊಂಡು, ತಾವೇ ಸುತ್ತಿಗೆ, ಗರಗಸ ಹಿಡಿದು ರಿಪೇರಿ ಮಾಡಿ, ಒಂದೆರಡು ವರ್ಷ ಅದರಲ್ಲೇ ಬದುಕಿ, ಬಳಿಕ ಮಾರಿಬಿಡುವವರ ಒಂದು ವರ್ಗವೇ ಅಲ್ಲಿದೆ. ಮೇಲ್ನೋಟಕ್ಕೆ ಇದು ಹಳೆಯ ಮನೆಯನ್ನು ಕೊಂಡು ಸುಣ್ಣಬಣ್ಣ ಮಾಡಿ ಮಾರುವ ವ್ಯವಹಾರದಂತೆಯೇ ಕಾಣುತ್ತದೆ. ಆದರೆ ಲೆಕ್ಕ ಬೇರೆ. ನಿವೇಶನವಿಲ್ಲದ ಈ ಮನೆಯ ಬೆಲೆ ನಿಂತಿರುವುದು ಎಲ್ಲಿ? ಅದರಲ್ಲಿ ಬದುಕುವವನು ಮನೆಯುಳ್ಳವನೋ, ಮನೆಯಿಲ್ಲದವನೋ? ಉತ್ತರಕ್ಕೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಕುದುರೆ ಗಾಡಿಯ ಎರಡು ಮುಖ

ಗಾಲಿಯ ಮೇಲೆ ಸಂಸಾರ ಹೂಡುವುದನ್ನು ಯುರೋಪಿನಲ್ಲಿ ಒಂದು ಕಲೆಯ ಮಟ್ಟಕ್ಕೆ ಏರಿಸಿದವರು ಜಿಪ್ಸಿಗಳೆಂದು ಕರೆಯಲಾಗುತ್ತಿದ್ದ ರೋಮಾ ಜನ. ಇವರ ಪೂರ್ವಜರು ಭಾರತದಿಂದ ಹೊರಟವರು. ಇವರ ಭಾಷೆ ಹಿಂದಿ, ಪಂಜಾಬಿಗಳ ನೆಂಟನೆಂಬುದನ್ನು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಬ್ರಿಟನ್ನಿನಲ್ಲಿ ಬಹುಕಾಲ ಡೇರೆಗಳಲ್ಲಿ ಬದುಕುತ್ತಿದ್ದ ಇವರು ಹತ್ತೊಂಬತ್ತನೆಯ ಶತಮಾನದಲ್ಲಿ ‘ವಾರ್ಡೊ’ ಎಂಬ ಕುದುರೆ ಗಾಡಿಯ ಮನೆಗೆ ಬಂದರು. ಕೆತ್ತನೆಯ ಮರ, ಚಿನ್ನದ ಬಣ್ಣ, ಒಳಗೆ ಕಬ್ಬಿಣದ ಒಲೆ, ಹಿಂಬದಿಯಲ್ಲಿ ಅಡ್ಡಲಾಗಿ ಮಂಚ. ರೆಡಿಂಗ್ ಪಟ್ಟಣದ ಡಂಟನ್ ಮನೆತನದಂಥ ಬಡಗಿಗಳು ಈ ಗಾಡಿಗಳಿಗೆ ಹೆಸರಾಗಿದ್ದರು. ಒಡೆಯ ತೀರಿಕೊಂಡಾಗ ಅವನ ಗಾಡಿಯನ್ನೂ ಸಾಮಾನುಗಳನ್ನೂ ಸುಟ್ಟುಬಿಡುವ ಪದ್ಧತಿ ಕೆಲವು ಕುಟುಂಬಗಳಲ್ಲಿತ್ತು. ಅಂಥ ಗಾಡಿ ಮಾರುವ, ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಾಗಿರಲಿಲ್ಲ. ಬದುಕಿದವನ ಜೊತೆಗೇ ಮುಗಿದುಹೋಗುತ್ತಿತ್ತು.

1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಡು ಘಟನೆಗಳು ಒಟ್ಟೊಟ್ಟಿಗೇ ನಡೆದವು. ಒಂದೆಡೆ ಜಾರ್ಜ್ ಸ್ಮಿತ್ ಎಂಬ ಸುಧಾರಕ, ಗಾಡಿಗಳಲ್ಲಿ ವಾಸಿಸುವವರೆಲ್ಲ ನೋಂದಣಿ ಮಾಡಿಸಬೇಕು, ಅಧಿಕಾರಿಗಳು ಗಾಡಿಯೊಳಗೆ ಬಂದು ನೈರ್ಮಲ್ಯ ಪರೀಕ್ಷಿಸಬೇಕು, ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಸೇರಿಸಬೇಕು ಎಂದು ಸಂಸತ್ತಿನಲ್ಲಿ ಮಸೂದೆ ತರಿಸಲು ಹೋರಾಡುತ್ತಿದ್ದ. ಮಸೂದೆ ಮತ್ತೆ ಮತ್ತೆ ಬಂದರೂ ಕಾಯಿದೆಯಾಗಲಿಲ್ಲ. ಇನ್ನೊಂದೆಡೆ, ನೌಕಾಪಡೆಯ ನಿವೃತ್ತ ವೈದ್ಯ, ಮಕ್ಕಳ ಸಾಹಸ ಕಥೆಗಳ ಲೇಖಕ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಐಷಾರಾಮಿ ಕುದುರೆ ಗಾಡಿ ಮಾಡಿಸಿಕೊಂಡು, ಆಳುಕಾಳುಗಳೊಡನೆ ಸ್ಕಾಟ್‌ಲೆಂಡಿನವರೆಗೆ ಸುತ್ತಿಬಂದ. ಮರುವರ್ಷ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಮುಂದೆ 1907ರಲ್ಲಿ ಬ್ರಿಟನ್ನಿನಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿದಾಗ ಸ್ಟೇಬಲ್ಸ್‌ಗೆ ಅದರಲ್ಲಿ ಗೌರವದ ಸ್ಥಾನ ದೊರೆಯಿತು.

ಇಬ್ಬರ ಗಾಡಿಗೂ ಇದ್ದದ್ದು ನಾಲ್ಕೇ ಗಾಲಿ. ಆದರೆ ಊರಿನಲ್ಲಿ ಮನೆ ಇಟ್ಟುಕೊಂಡು ರಜೆಗೆ ಗಾಡಿ ಹತ್ತಿದವನು ಗೌರವಸ್ಥ. ಗಾಡಿ ಬಿಟ್ಟರೆ ಬೇರೆ ಮನೆಯೇ ಇಲ್ಲದವನು ಅನುಮಾನಕ್ಕೆ ಪಾತ್ರ. ಕುದುರೆ ಹೋಗಿ ಎಂಜಿನ್ ಬಂದರೂ ಈ ಭೇದ ಮಾತ್ರ ಬದಲಾಗಲಿಲ್ಲ.

ಡಬ್ಬಿ ಪ್ರವಾಸಿಗರು

1910ರಲ್ಲಿ ಅಮೆರಿಕದ ಪಿಯರ್ಸ್ ಆ್ಯರೊ ಕಂಪೆನಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ವಿಶೇಷ ಕಾರೊಂದನ್ನು ಇಟ್ಟಿತು. ಹಿಂದಿನ ಆಸನ ಬಿಚ್ಚಿದರೆ ಹಾಸಿಗೆ, ಚಾಲಕನ ಆಸನದ ಬೆನ್ನಿಗೆ ಮಡಚುವ ಕೈತೊಳೆಯುವ ಬೋಗುಣಿ. ಇದು ಸಿರಿವಂತರ ಆಟಿಕೆ. ಸಾಮಾನ್ಯರನ್ನು ರಸ್ತೆಗೆ ಇಳಿಸಿದ್ದು ಹೆನ್ರಿ ಫೋರ್ಡ್ 1908ರಲ್ಲಿ ತಂದ ‘ಮಾಡೆಲ್ ಟಿ’ ಕಾರು. ಅದರ ಚಾಸಿಯ ಮೇಲೆ ಹಲಗೆ ಹೊಡೆದು, ಕ್ಯಾನ್ವಾಸ್ ಕಟ್ಟಿ, ತಮ್ಮದೇ ಮನೆ ಮಾಡಿಕೊಂಡು ಹೊರಟವರು ಸಾವಿರಾರು ಜನ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಇವರ ಒಂದು ಸಂಘವೇ ಹುಟ್ಟಿತು. ತವರದ ಡಬ್ಬಿಯ ಆಹಾರ ತಿಂದು ದಿನ ಕಳೆಯುತ್ತಿದ್ದ ಇವರು ತಮ್ಮನ್ನು ‘ಟಿನ್ ಕ್ಯಾನ್ ಟೂರಿಸ್ಟ್’ ಎಂದು ಕರೆದುಕೊಂಡರು.

ಮೊದಮೊದಲು ಪುರಸಭೆಗಳು ಇವರನ್ನು ಕೈಬೀಸಿ ಕರೆದವು. ಪ್ರವಾಸಿ ಬಂದರೆ ಅಂಗಡಿಗಳಿಗೆ ವ್ಯಾಪಾರ ಎಂಬ ಲೆಕ್ಕಾಚಾರದಿಂದ ಊರೂರಿನಲ್ಲಿ ಉಚಿತ ತಂಗುದಾಣಗಳಾದವು. ಆದರೆ ಬಂದವರಲ್ಲಿ ರಜೆಯವರ ಜೊತೆಗೆ ಕೆಲಸ ಹುಡುಕುವವರೂ, ಹೋಗಲು ಬೇರೆ ಜಾಗವಿಲ್ಲದವರೂ ಇದ್ದಾರೆಂದು ಗೊತ್ತಾದಾಗ ಧೋರಣೆ ಬದಲಾಯಿತು. 1920ರ ದಶಕದ ಮಧ್ಯಭಾಗಕ್ಕೆ ಹಲವು ಊರುಗಳು ಶುಲ್ಕ ವಿಧಿಸಿದವು, ಇಷ್ಟು ದಿನಕ್ಕಿಂತ ಹೆಚ್ಚು ತಂಗಬಾರದೆಂದು ನಿಯಮ ಮಾಡಿದವು. ಶುಲ್ಕದ ಉದ್ದೇಶ ಹಣಕ್ಕಿಂತ ಹೆಚ್ಚಾಗಿ ಬಡವರನ್ನು ಹೊರಗಿಡುವುದಾಗಿತ್ತು.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ‘ಟ್ರೇಲರ್’ ಮನೆಗಳ ಯುಗ ಬಂತು. ವಾಲಿ ಬೈಯಮ್ ಎಂಬಾತ 1936ರಲ್ಲಿ ತಂದ ‘ಏರ್‌ಸ್ಟ್ರೀಮ್ ಕ್ಲಿಪರ್’, ವಿಮಾನದ ಮೈಯಂತೆ ಅಲ್ಯುಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಮಾಡಿದ ಮನೆ. ಇನ್ನು ಇಪ್ಪತ್ತು ವರ್ಷದೊಳಗೆ ಅರ್ಧದಷ್ಟು ಅಮೆರಿಕನ್ನರು ಗಾಲಿಯ ಮೇಲೆಯೇ ವಾಸಿಸುತ್ತಾರೆಂದು ರೋಜರ್ ಬಾಬ್ಸನ್ ಎಂಬ ಹೆಸರಾಂತ ಆರ್ಥಿಕ ವಿಶ್ಲೇಷಕ ಭವಿಷ್ಯ ನುಡಿದ. ಅದು ಸುಳ್ಳಾಯಿತು. ಆದರೆ 1936ರಲ್ಲೇ ಮಿಷಿಗನ್ ರಾಜ್ಯದ ಆರ್ಚರ್ಡ್ ಲೇಕ್‌ನಲ್ಲಿ ಒಂದು ಮಹತ್ವದ ಪ್ರಕರಣ ನಡೆಯಿತು. ಕೆರೆಯ ದಂಡೆಯಲ್ಲಿ ಟ್ರೇಲರ್ ನಿಲ್ಲಿಸಿಕೊಂಡಿದ್ದವನ ಮೇಲೆ ಊರಿನವರು ದೂರಿತ್ತರು. ಮಲಗಲು, ಉಣ್ಣಲು, ಬದುಕಲು ಬಳಸುವ ಟ್ರೇಲರ್ ‘ಮನುಷ್ಯರ ವಾಸದ ಮನೆ’ಯೇ ಸರಿ, ಆದ್ದರಿಂದ ಊರಿನ ಗೃಹನಿರ್ಮಾಣ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ ಎಂದು ನ್ಯಾಯಾಧೀಶ ತೀರ್ಪಿತ್ತ. ನಿಯಮದ ಪ್ರಕಾರ ಮನೆಗೆ ಇರಬೇಕಾದ ವಿಸ್ತೀರ್ಣ ಆ ಪುಟ್ಟ ಟ್ರೇಲರಿಗೆ ಎಲ್ಲಿಂದ ಬರಬೇಕು? ಮನೆ ಎಂದು ಒಪ್ಪಿಕೊಂಡದ್ದೇ ಅದನ್ನು ಹೊರಹಾಕಲು ದಾರಿಯಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧ ಸಾಮಗ್ರಿಯ ಕಾರ್ಖಾನೆಗಳ ಸುತ್ತ ಕಾರ್ಮಿಕರಿಗೆ ಮನೆಗಳಿರಲಿಲ್ಲ. ಆಗ ಸರ್ಕಾರವೇ ಸಾವಿರಾರು ಟ್ರೇಲರುಗಳನ್ನು ಕೊಂಡು ಅವರನ್ನು ಇರಿಸಿತು. ಯುದ್ಧಾನಂತರ ಟ್ರೇಲರುಗಳ ವಂಶ ಎರಡಾಗಿ ಒಡೆಯಿತು. ಒಂದು ಕವಲು ಅಗಲವಾಗುತ್ತ, ಉದ್ದವಾಗುತ್ತ ಒಂದೇ ಕಡೆ ನೆಲೆನಿಲ್ಲುವ ‘ಮೊಬೈಲ್ ಹೋಮ್’ ಆಯಿತು. 1976ರಿಂದ ಅದಕ್ಕೆ ಕೇಂದ್ರ ಸರ್ಕಾರದ ವಸತಿ ಇಲಾಖೆಯ ನಿರ್ಮಾಣ ನಿಯಮಗಳು ಬಂದವು. ಇನ್ನೊಂದು ಕವಲು ಪ್ರವಾಸಕ್ಕೆಂದೇ ಚಿಕ್ಕದಾಗಿ ಉಳಿದು, ಮೋಟಾರು ವಾಹನಗಳ ಇಲಾಖೆಯ ಪುಸ್ತಕದಲ್ಲಿ ವಾಹನವಾಗಿಯೇ ನೋಂದಣಿಯಾಯಿತು. ಮೋಟರ್‌ಹೋಮ್ ಸೇರಿದ್ದು ಈ ಎರಡನೆಯ ಕವಲಿಗೆ.

ಎಂಜಿನ್ ಮತ್ತು ಅಡುಗೆಮನೆ ಒಂದಾದಾಗ

ಎಳೆದೊಯ್ಯುವ ಮನೆಗೂ ತಾನೇ ಓಡುವ ಮನೆಗೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಹೆಸರು ಕೊಟ್ಟವನು ಮಿಷಿಗನ್ ರಾಜ್ಯದ ಬ್ರೌನ್ ಸಿಟಿಯ ರೇ ಫ್ರಾಂಕ್. 1958ರಲ್ಲಿ ತನ್ನ ಕುಟುಂಬದ ಪ್ರವಾಸಕ್ಕೆಂದು ಮಾಡಿಕೊಂಡ ವಾಹನವನ್ನು ಆತ ‘ಮೋಟರ್ ಹೋಮ್’ ಎಂದು ಕರೆದ. 1960ರ ದಶಕದ ಆರಂಭದಲ್ಲಿ ಡಾಡ್ಜ್ ಚಾಸಿಯ ಮೇಲೆ ಅವುಗಳನ್ನು ಕಟ್ಟಿ ಮಾರತೊಡಗಿದ. ಅದೇ ಹೊತ್ತಿಗೆ, 1956ರ ಕಾಯಿದೆಯಿಂದ ಆರಂಭವಾದ ಹೆದ್ದಾರಿಗಳ ಜಾಲ ದೇಶದಾದ್ಯಂತ ಹರಡುತ್ತಿತ್ತು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಪಿಕಪ್ ಲಾರಿಯ ಮೇಲೆ ಪುಟ್ಟ ಕೋಣೆ ಕೂರಿಸಿಕೊಂಡು, ಅದಕ್ಕೆ ಡಾನ್ ಕ್ವಿಕ್ಸಾಟ್‌ನ ಕುದುರೆಯ ಹೆಸರಿಟ್ಟು, ನಾಯಿಯೊಡನೆ ದೇಶ ಸುತ್ತಿದ. ಅವನ ಪ್ರವಾಸ ಕಥನ 1962ರಲ್ಲಿ ಹೊರಬಂದು ಗಾಲಿಯ ಬದುಕಿಗೆ ಹೊಸ ಮೋಹ ತಂದಿತು.

ಮೋಟರ್‌ಹೋಮನ್ನು ಮಧ್ಯಮ ವರ್ಗದ ಕೈಗೆಟುಕುವಂತೆ ಮಾಡಿದ್ದು ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಪುಟ್ಟ ಊರು. ರೈತಾಪಿ ಊರಿನಲ್ಲಿ ಕೆಲಸವಿಲ್ಲದೆ ಯುವಕರು ಗುಳೆ ಹೋಗುತ್ತಿದ್ದಾಗ, ಪೀಠೋಪಕರಣ ವ್ಯಾಪಾರಿ ಜಾನ್ ಹ್ಯಾನ್ಸನ್ ಮತ್ತು ಗೆಳೆಯರು 1958ರಲ್ಲಿ ಟ್ರೇಲರ್ ಕಾರ್ಖಾನೆಯೊಂದನ್ನು ಊರಿಗೆ ತಂದರು. ಅದೇ ‘ವಿನೆಬೇಗೊ’ ಕಂಪೆನಿಯಾಯಿತು. 1966ರಲ್ಲಿ ಅದು ಮೋಟರ್‌ಹೋಮುಗಳನ್ನು ಕಾರಿನಂತೆ ಸಾಲು ಜೋಡಣೆಯಲ್ಲಿ ತಯಾರಿಸತೊಡಗಿದಾಗ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗುಟ್ಟು ಗೋಡೆಯಲ್ಲಿತ್ತು: ಹೊರಗೆ ಅಲ್ಯುಮಿನಿಯಂ ತಗಡು, ನಡುವೆ ನಮ್ಮ ಥರ್ಮಾಕೋಲ್‌ನಂಥ ಹಗುರ ಪದಾರ್ಥ, ಒಳಗೆ ತೆಳು ಪ್ಲೈವುಡ್. ಮೂರನ್ನೂ ಅಂಟಿಸಿದ ಹಲಗೆ ಹಗುರ, ಬೆಚ್ಚಗೆ, ಅಗ್ಗ. ಈ ಅಂಟು ಮುಂದೆ ಹಳೆಯ ಗಾಡಿ ಕೊಂಡವರನ್ನು ಎಷ್ಟು ಕಾಡಲಿದೆ ಎಂಬುದು ಆಗ ಗ್ರಾಹಕರ ಚಿಂತೆಯಾಗಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ಜನರಲ್ ಮೋಟರ್ಸ್. 1973ನೇ ಸಾಲಿನಲ್ಲಿ ಬಂದ ಅದರ ‘ಜಿಎಂಸಿ’ ಮೋಟರ್‌ಹೋಮ್ 23 ಮತ್ತು 26 ಅಡಿ ಉದ್ದದ ಎರಡು ಮಾದರಿಗಳಲ್ಲಿತ್ತು. ಎಂಜಿನ್ ಮುಂದಿನ ಗಾಲಿಗಳನ್ನೇ ತಿರುಗಿಸುತ್ತಿದ್ದರಿಂದ ಹಿಂಬದಿಗೆ ಹೋಗುವ ಉದ್ದನೆಯ ದಂಡ ಬೇಕಿರಲಿಲ್ಲ. ನೆಲಹಾಸು ರಸ್ತೆಗೆ ಬಹಳ ಹತ್ತಿರದಲ್ಲಿತ್ತು. ಅಸ್ಥಿಪಂಜರ ಅಲ್ಯುಮಿನಿಯಂ, ಮೈಹಲಗೆಗಳು ಫೈಬರ್‌ಗ್ಲಾಸ್ ಮತ್ತು ಅಲ್ಯುಮಿನಿಯಂ. ಗೋಡೆಯ ಚೌಕಟ್ಟಿನಲ್ಲಿ ಮರವಿರಲಿಲ್ಲ. ಆದರೆ ಅದು ಬಂದ ವರ್ಷದ ಅಕ್ಟೋಬರಿನಲ್ಲೇ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಪೆಟ್ರೋಲ್ ಕುಡಿಯುವ ವಾಹನಗಳ ಮಾರುಕಟ್ಟೆ ಕುಸಿಯಿತು. ಸುಮಾರು 13 ಸಾವಿರ ವಾಹನಗಳ ಬಳಿಕ, 1978ನೇ ಸಾಲಿನ ಮಾದರಿಯೊಂದಿಗೆ ತಯಾರಿಕೆ ನಿಂತಿತು. ವಿಚಿತ್ರವೆಂದರೆ, ಇಂದು ಹಳೆಯ ಮೋಟರ್‌ಹೋಮ್ ರಿಪೇರಿ ಮಾಡುವವರು ಬಯಸಿ ಹುಡುಕುವ ಗಾಡಿಗಳಲ್ಲಿ ಇದೂ ಒಂದು. ಬಿಡಿಭಾಗ ಮಾರುವವರು, ಸಲಹೆ ಕೊಡುವ ಸಂಘಗಳು ಇನ್ನೂ ಇವೆ. ಕಂಪೆನಿ ಕೈಬಿಟ್ಟ ವಾಹನವನ್ನು ಬಳಸುವವರು ಉಳಿಸಿಕೊಂಡಿದ್ದಾರೆ.

ಶತ್ರು ನೀರು

ಹಳೆಯ ಕಾರು ಕೊಳ್ಳುವವನು ಮೊದಲು ನೋಡುವುದು ಎಷ್ಟು ಮೈಲಿ ಓಡಿದೆ ಎಂಬುದನ್ನು. ಮೋಟರ್‌ಹೋಮ್ ವಿಷಯದಲ್ಲಿ ಈ ಲೆಕ್ಕ ದಾರಿ ತಪ್ಪಿಸುತ್ತದೆ. ವರ್ಷಕ್ಕೆ ಕೆಲವೇ ವಾರ ಓಡಿ ಉಳಿದ ಕಾಲ ಅಂಗಳದಲ್ಲಿ ನಿಲ್ಲುವ ಈ ಗಾಡಿ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಎಂಜಿನ್ನಿಗೆ ಇನ್ನೂ ಬಹಳ ಆಯುಸ್ಸು ಇರುವಾಗಲೇ ಗೋಡೆಗಳ ಆಯುಸ್ಸು ಮುಗಿದಿರುತ್ತದೆ.

ಕಾರಣ ನೀರು. ಛಾವಣಿಯ ಅಂಚು, ಕಿಟಕಿಯ ಸುತ್ತ, ಗಾಳಿಕಿಂಡಿಯ ಸುತ್ತ ತಗಡು ತಗಡಿಗೆ ಕೂಡುವ ಸಂದುಗಳನ್ನು ಅಂಟಿನಿಂದ ಮುಚ್ಚಿರುತ್ತಾರೆ. ರಸ್ತೆಯ ಕುಲುಕಾಟ, ಬಿಸಿಲು, ಹಿಮಗಳಿಗೆ ಸಿಕ್ಕಿ ಅಂಟು ಒಣಗಿ ಬಿರಿಯುತ್ತದೆ. ಕೂದಲೆಳೆಯಷ್ಟು ಸಂದಿನಿಂದ ಇಳಿದ ನೀರು ಗೋಡೆಯೊಳಗಿನ ಮರದ ರೀಪರುಗಳನ್ನು ವರ್ಷಗಟ್ಟಲೆ ಸದ್ದಿಲ್ಲದೆ ನೆನೆಸುತ್ತದೆ. ಒಳಗೆ ಹೊಳೆಯುವ ಹಲಗೆ, ಹಿಂದೆ ಲಡ್ಡು ಹಿಡಿದ ಮರ. ಅಂಟಿಸಿದ ಗೋಡೆಗಳಲ್ಲಾದರೆ ಪದರಗಳು ಬೇರ್ಪಟ್ಟು ಹೊರಮೈ ಗುಳ್ಳೆಯಂತೆ ಉಬ್ಬುತ್ತದೆ. ಚಾಲಕನ ತಲೆಯ ಮೇಲೆ ಮುಂಚಾಚಿದ ಮಂಚವಿರುವ ಮಾದರಿಗಳಲ್ಲಿ ಆ ಮುಂಚಾಚಿನ ಮೂಲೆಗಳೇ ಮೊದಲು ಸೋರುವ ಜಾಗ. ಆದ್ದರಿಂದ ಅನುಭವಸ್ಥರು ಕೊಳ್ಳುವ ಮುನ್ನ ಎಂಜಿನ್ ಶಬ್ದ ಕೇಳುವುದಕ್ಕಿಂತ ಮೊದಲು ಒಳಗೆ ಹೋಗಿ ಮೂಸಿ ನೋಡುತ್ತಾರೆ. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಭಾರ ಬಿಟ್ಟು ನಡೆಯುತ್ತಾರೆ. ಮೆತ್ತಗೆ ತಗ್ಗಿದ ಕಡೆ ಕೆಲಸ ಕಾದಿದೆ ಎಂದರ್ಥ.

ಕೆಲಸದ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ಮೊದಲು ಛಾವಣಿ, ಆಮೇಲೆ ಗೋಡೆ, ಆಮೇಲೆ ನೆಲ, ಕೊನೆಗೆ ಬಣ್ಣ ಮತ್ತು ಪರದೆ. ಈ ಕ್ರಮ ತಪ್ಪಿಸಿ ಮೊದಲೇ ಹೊಸ ಬಣ್ಣ ಬಳಿದ ಗಾಡಿ ಮುಂದಿನ ಮಳೆಗಾಲದಲ್ಲಿ ತನ್ನ ನಿಜರೂಪ ತೋರಿಸುತ್ತದೆ. ಕೊಳೆತ ಮರವನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದು, ಹೊಸ ರೀಪರು ಕೂರಿಸಿ, ಕಿಟಕಿಗಳನ್ನು ಪೂರ್ತಿ ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಮೆತುವಾದ ರಬ್ಬರಿನಂಥ ಪಟ್ಟಿ ಸುತ್ತಿ ಮತ್ತೆ ಜೋಡಿಸಬೇಕು.

ಇದರ ಜೊತೆಗೆ ಮನೆಯಲ್ಲಿಲ್ಲದ ಕೆಲವು ವಿಶೇಷಗಳೂ ಇವೆ. ವಿದ್ಯುತ್ತಿನ ವ್ಯವಸ್ಥೆ ಎರಡು: ಬ್ಯಾಟರಿಯ 12 ವೋಲ್ಟ್ ಒಂದು, ತಂಗುದಾಣದಲ್ಲಿ ತಂತಿ ಸಿಕ್ಕಿಸಿದಾಗ ಬರುವ 120 ವೋಲ್ಟ್ ಇನ್ನೊಂದು. ನೀರಿನ ತೊಟ್ಟಿ ಮೂರು: ಕುಡಿಯುವ ನೀರಿಗೆ, ಪಾತ್ರೆ ಮತ್ತು ಸ್ನಾನದ ನೀರಿಗೆ, ಶೌಚಕ್ಕೆ. ಹಲವು ಗಾಡಿಗಳ ಫ್ರಿಜ್ಜು ಅನಿಲದ ಉರಿಯ ಕಾವಿನಿಂದಲೇ ತಂಪು ಮಾಡುವಂಥದು. ಗಾಡಿ ಸಮತಟ್ಟಾಗಿ ನಿಲ್ಲದಿದ್ದರೆ ಅದು ಕೆಡುತ್ತದೆ. ಟಯರಿನ ಹಲ್ಲು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಟಯರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಇವುಗಳಲ್ಲಿ ಯಾವುದನ್ನು ಕಡೆಗಣಿಸಿದರೂ ಅಪಾಯ ಮಾಡಿದವನಿಗಷ್ಟೇ ಅಲ್ಲ, ನಾಳೆ ಅದನ್ನು ಕೊಂಡು ಮಕ್ಕಳೊಡನೆ ಮಲಗುವವನಿಗೂ.

ಹೊಸದಾದದ್ದೆಲ್ಲ ಸುರಕ್ಷಿತ ಎಂದೂ ಅಲ್ಲ. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರನ್ನು ಅಮೆರಿಕ ಸರ್ಕಾರ ಟ್ರೇಲರುಗಳಲ್ಲಿ ಇರಿಸಿತು. ಒಳಗಿದ್ದವರಿಗೆ ಕಣ್ಣುರಿ, ಉಸಿರಾಟದ ತೊಂದರೆ ಶುರುವಾಯಿತು. ಹಲಗೆಗಳ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲ ಸಾಮಾನ್ಯ ಮನೆಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿದೆ ಎಂದು ಆರೋಗ್ಯ ಇಲಾಖೆಯ ಪರೀಕ್ಷೆ 2008ರಲ್ಲಿ ತಿಳಿಸಿತು. ರಜೆಯ ಕೆಲವು ದಿನಕ್ಕೆಂದು ಮಾಡಿದ ಗೋಡೆಗಳ ನಡುವೆ ವರ್ಷಗಟ್ಟಲೆ ಉಸಿರಾಡುವುದು ಬೇರೆಯೇ ಮಾತು.

ಬದುಕಿ ತೋರಿಸಿದ ಪುರಾವೆ

ಇಷ್ಟು ಶ್ರಮದ ಬಳಿಕ ಲಾಭವೆಷ್ಟು? ಹೊಸ ಮೋಟರ್‌ಹೋಮ್ ಅಂಗಡಿ ಬಿಟ್ಟು ರಸ್ತೆಗಿಳಿದ ದಿನದಿಂದಲೇ ಬೆಲೆ ಕಳೆದುಕೊಳ್ಳತೊಡಗುತ್ತದೆ. ಆ ನಷ್ಟವನ್ನು ಮೊದಲ ಒಡೆಯ ಹೊತ್ತಿರುತ್ತಾನೆ. ಹಳೆಯದನ್ನು ಕೊಳ್ಳುವವನಿಗೆ ಅವಕಾಶ ಸಿಗುವುದು ಅಲ್ಲಿಯೇ. ಆದರೆ ಬೆಲೆ ಎಷ್ಟೇ ತಳಕ್ಕೆ ಇಳಿದಿದ್ದರೂ ತಾನಾಗಿ ಮತ್ತೆ ಏರುವುದಿಲ್ಲ. ಹಳೆಯ ಮನೆಯನ್ನು ರಿಪೇರಿ ಮಾಡಿ ಮಾರುವವನು ಕೈಕೆಲಸದಲ್ಲಿ ಎಡವಿದರೂ ನಿವೇಶನದ ಬೆಲೆಯೇರಿಕೆ ಅವನನ್ನು ಕಾಪಾಡಬಹುದು. ಗಾಲಿಮನೆಯವನಿಗೆ ಆ ಆಸರೆ ಇಲ್ಲ. ಆತ ಮಾರುವುದು ಹೆಚ್ಚಾಗಿ ತನ್ನ ಕೂಲಿಯನ್ನೇ. ಅದನ್ನೂ ದಿನಗೂಲಿಯ ಲೆಕ್ಕದಲ್ಲಿ ಹಿಡಿದರೆ ಲಾಭವೆಂದು ಉಳಿಯುವುದು ಅತ್ಯಲ್ಪ.

ಹಾಗಿದ್ದರೂ ಜನ ಈ ಕೆಲಸಕ್ಕೆ ಇಳಿಯುವುದೇಕೆ? ಒಳಗೆ ಬದುಕಿದಷ್ಟು ತಿಂಗಳು ಬಾಡಿಗೆ ಉಳಿಯುತ್ತದೆ. ನಿಜವಾದ ಗಳಿಕೆ ಇದೇ. ಎರಡನೆಯದಾಗಿ, ಬದುಕುವುದೇ ಪರೀಕ್ಷೆ. ಒಂದು ಮಳೆಗಾಲ, ಒಂದು ಚಳಿಗಾಲ ಅದರಲ್ಲೇ ಕಳೆದವನಿಗೆ ಎಲ್ಲಿ ಸೋರುತ್ತದೆ, ಯಾವ ಬಾಗಿಲು ಓಡುವಾಗ ತೆರೆದುಕೊಳ್ಳುತ್ತದೆ, ಬ್ಯಾಟರಿ ಎಷ್ಟು ರಾತ್ರಿ ಬರುತ್ತದೆ ಎಂಬುದು ಗೊತ್ತಿರುತ್ತದೆ. ಕೊಳ್ಳಲು ಬಂದವನಿಗೆ ಆತ ತೋರಿಸಬಹುದಾದ ಅತ್ಯುತ್ತಮ ದಾಖಲೆ ಹೊಸ ಬಣ್ಣವಲ್ಲ, ಕೆಲಸದ ಪ್ರತಿ ಹಂತದ ಫೋಟೊ, ರಸೀದಿಗಳು ಮತ್ತು ಮಳೆಯಲ್ಲಿ ನಿಂತ ಒಂದು ವರ್ಷ.

ಕಾನೂನಿನ ಕಟ್ಟುಪಾಡುಗಳೂ ಇವೆ. ಗಾಡಿಯ ಮಾಲೀಕತ್ವದ ಪತ್ರವನ್ನು ಮೊದಲು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ನೇರವಾಗಿ ಮೂರನೆಯವನಿಗೆ ದಾಟಿಸುವುದು ಅಪರಾಧ. ವರ್ಷಕ್ಕೆ ನಿಗದಿತ ಸಂಖ್ಯೆಗಿಂತ ಹೆಚ್ಚು ವಾಹನ ಮಾರಿದರೆ ವ್ಯಾಪಾರಿಯ ಪರವಾನಗಿ ಬೇಕು. ಆ ಸಂಖ್ಯೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬಹಳ ಹಳೆಯ ಗಾಡಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುವುದರಿಂದ ಕೊಳ್ಳುವವನು ನಗದು ತರಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಯಾವ ಕಾಯಿದೆಯಲ್ಲೂ ಇಲ್ಲದ ‘ಹತ್ತು ವರ್ಷದ ನಿಯಮ’. ಹತ್ತು ವರ್ಷಕ್ಕಿಂತ ಹಳೆಯ ಗಾಡಿಗಳನ್ನು ಹಲವು ಖಾಸಗಿ ತಂಗುದಾಣಗಳು ಒಳಗೆ ಬಿಡುವುದಿಲ್ಲ. ಗಾಡಿಯ ಫೋಟೊ ಕಳಿಸಿ, ಚೆನ್ನಾಗಿದೆ ಎಂದು ತೋರಿಸಿದರೆ ಕೆಲವರು ವಿನಾಯಿತಿ ಕೊಡುತ್ತಾರೆ. ಹೀಗೆ ರಿಪೇರಿ ಎಂಬುದು ಹಳೆಯ ಗಾಡಿಯವನಿಗೆ ಅಂದಚೆಂದದ ಮಾತಲ್ಲ; ಗೇಟಿನೊಳಗೆ ಹೋಗಲು ಬೇಕಾದ ರಹದಾರಿ.

ಮನೆಯೋ ವಾಹನವೋ

ಈ ಅನಿಶ್ಚಿತತೆಯ ಬೇರು ಒಂದು ಸರಳ ಪ್ರಶ್ನೆಯಲ್ಲಿದೆ: ಮೋಟರ್‌ಹೋಮ್ ಮನೆಯೋ, ವಾಹನವೋ? ಅಮೆರಿಕದ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಮಲಗುವ, ಅಡುಗೆ ಮಾಡುವ, ಶೌಚದ ಸೌಲಭ್ಯಗಳಿದ್ದರೆ ಅದು ಮನೆ. ಅದರ ಮೇಲಿನ ಸಾಲದ ಬಡ್ಡಿಗೆ ಗೃಹಸಾಲದಂತೆಯೇ ರಿಯಾಯಿತಿ ಕೇಳಬಹುದು. ಆದರೆ 1985ರಲ್ಲಿ ‘ಕ್ಯಾಲಿಫೋರ್ನಿಯಾ ವಿರುದ್ಧ ಕಾರ್ನಿ’ ಎಂಬ ಮೊಕದ್ದಮೆ ದೇಶದ ಸುಪ್ರೀಂ ಕೋರ್ಟ್ ಮುಂದೆ ಬಂತು. ಸ್ಯಾನ್ ಡಿಯೇಗೊ ನಗರದ ಮಧ್ಯೆ ನಿಂತಿದ್ದ ಡಾಡ್ಜ್ ಮೋಟರ್‌ಹೋಮ್ ಒಂದನ್ನು ಮಾದಕವಸ್ತು ಪತ್ತೆಗಾಗಿ ಅಧಿಕಾರಿಗಳು ವಾರಂಟ್ ಇಲ್ಲದೆ ಹೊಕ್ಕಿದ್ದರು. ಮನೆಯಾದರೆ ವಾರಂಟ್ ಬೇಕು. ಓಡಿಹೋಗಬಲ್ಲ ವಾಹನವಾದರೆ ಬೇಡ. ಅದು ಮನೆಯಂತೆ ಬಳಕೆಯಾಗಬಲ್ಲದ್ದು ನಿಜ, ಆದರೆ ಚಾವಿ ತಿರುಗಿಸಿದರೆ ಓಡುತ್ತದೆ, ಆದ್ದರಿಂದ ವಾಹನದ ನಿಯಮವೇ ಅನ್ವಯ ಎಂದು ಆರು ಮಂದಿ ನ್ಯಾಯಮೂರ್ತಿಗಳು ತೀರ್ಪಿತ್ತರು, ಮೂವರು ಒಪ್ಪಲಿಲ್ಲ. ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದ ಗಾಡಿಯ ಪ್ರಶ್ನೆಯನ್ನು ನ್ಯಾಯಾಲಯ ಮುಂದಕ್ಕೆ ಬಿಟ್ಟಿತು.

1936ರ ಆರ್ಚರ್ಡ್ ಲೇಕ್ ತೀರ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂದು ಮನೆ ಎಂದದ್ದರಿಂದ ಉಳಿಯುವ ಹಕ್ಕು ಹೋಯಿತು. 1985ರಲ್ಲಿ ವಾಹನ ಎಂದದ್ದರಿಂದ ಬಾಗಿಲು ಮುಚ್ಚಿಕೊಳ್ಳುವ ಹಕ್ಕು ಹೋಯಿತು. ಉತ್ತರ ಬೇರೆ ಬೇರೆಯಾದರೂ ಕಳೆದುಕೊಂಡವನು ಒಳಗಿದ್ದವನೇ.

2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಎರಡನ್ನೂ ಕಳೆದುಕೊಂಡ ಅನೇಕ ವೃದ್ಧರು ಗಾಡಿಗಳಲ್ಲಿ ಹೊರಟು, ಋತುವಿಗೆ ತಕ್ಕಂತೆ ಗೋದಾಮುಗಳಲ್ಲಿ, ಸಕ್ಕರೆ ಬೀಟ್ ಕೊಯ್ಲಿನಲ್ಲಿ ದುಡಿಯುತ್ತ ಬದುಕತೊಡಗಿದರು. ಅವರ ಬದುಕನ್ನು ಕುರಿತ ಜೆಸ್ಸಿಕಾ ಬ್ರೂಡರ್ ಅವರ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ 2017ರಲ್ಲಿ ಬಂತು. ಅದನ್ನು ಆಧರಿಸಿದ ಚಲನಚಿತ್ರ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು. ಇಂಥವರು ಚಳಿಗಾಲದಲ್ಲಿ ಸೇರುವ ಅರಿಜೋನಾ ಮರುಭೂಮಿಯ ಕ್ವಾರ್ಟ್‌ಸೈಟ್ ಬಳಿ ಸರ್ಕಾರಿ ಜಮೀನಿನಲ್ಲಿ ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಶುಲ್ಕ ಕೊಟ್ಟು ತಂಗಬಹುದು. ವಿಳಾಸವಿಲ್ಲದವರಿಗೆ ಅಂಚೆ ತಲುಪಿಸುವ ವ್ಯವಸ್ಥೆಯನ್ನು 1978ರಲ್ಲಿ ಹುಟ್ಟಿದ ‘ಎಸ್ಕೇಪೀಸ್’ ಎಂಬ ಸಂಘ ಟೆಕ್ಸಾಸ್ ರಾಜ್ಯದ ಲಿವಿಂಗ್‌ಸ್ಟನ್ನಿನಲ್ಲಿ ನಡೆಸುತ್ತಿದೆ. ವಯಸ್ಸಾಗಿಯೋ ಕಾಯಿಲೆಯಿಂದಲೋ ಸ್ಟೀರಿಂಗ್ ಹಿಡಿಯಲಾಗದವರು ತಮ್ಮ ಗಾಡಿಯಲ್ಲೇ ಇದ್ದುಕೊಂಡು ಆರೈಕೆ ಪಡೆಯುವ ಕೇಂದ್ರವೂ ಅಲ್ಲಿದೆ. ನೆಲವಿಲ್ಲದ ಮನೆಗೂ ಕೊನೆಗೊಂದು ನೆಲ ಬೇಕಾಗುತ್ತದೆ.

ಕೋವಿಡ್ ಕಾಲದಲ್ಲಿ ಹೋಟೆಲು, ವಿಮಾನಗಳಿಗೆ ಹೆದರಿದ ಜನ ಗಾಲಿಮನೆಗಳಿಗೆ ಮುಗಿಬಿದ್ದರು. 2021ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಟ್ರೇಲರ್ ಹಾಗೂ ಮೋಟರ್‌ಹೋಮುಗಳು ಹೊರಬಿದ್ದವು. 2023ಕ್ಕೆ ಆ ಸಂಖ್ಯೆ 3 ಲಕ್ಷದ ಆಸುಪಾಸಿಗೆ ಕುಸಿಯಿತು. ಭರಾಟೆಯಲ್ಲಿ ಕೊಂಡ ಆ ಗಾಡಿಗಳೂ ಹಳೆಯದಾಗಿ ಇನ್ನೊಬ್ಬನ ಅಂಗಳಕ್ಕೆ ಬರುವ ಕಾಲ ದೂರವಿಲ್ಲ.

ಕಾನೂನು ಮಾತ್ರ ಇಬ್ಬಂದಿಯಲ್ಲೇ ಇದೆ. ವಾಹನದಲ್ಲಿ ವಾಸಿಸುವುದನ್ನು ನಿಷೇಧಿಸಿದ್ದ ಲಾಸ್ ಏಂಜಲಿಸ್ ನಗರದ ನಿಯಮವನ್ನು 2014ರಲ್ಲಿ ಮೇಲ್ಮನವಿ ನ್ಯಾಯಾಲಯ, ಅದು ಅಸ್ಪಷ್ಟವಾಗಿದೆ ಎಂಬ ಕಾರಣಕ್ಕೆ ತಳ್ಳಿಹಾಕಿತು. ಹತ್ತು ವರ್ಷದ ಬಳಿಕ, 2024ರಲ್ಲಿ, ಆರಿಗನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಪಟ್ಟಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡುವವರನ್ನು ಶಿಕ್ಷಿಸುವ ಅಧಿಕಾರ ಊರುಗಳಿಗೆ ಇದೆ ಎಂದಿತು. ಶಿಕ್ಷೆ ಪ್ರಶ್ನಿಸಿದವರಲ್ಲಿ ವ್ಯಾನಿನಲ್ಲಿ ಮಲಗುತ್ತಿದ್ದವರೂ ಇದ್ದರು.

ಹಳೆಯ ಮೋಟರ್‌ಹೋಮ್ ಕೊಂಡು, ಕೊಳೆತ ಹಲಗೆ ಕಿತ್ತು, ಹೊಸ ನೆಲ ಹಾಸುವವನು ಈ ವ್ಯಾಜ್ಯವನ್ನು ಬಗೆಹರಿಸಲಾರ. ಹಾಗೆಂದು ಅವನ ಕೆಲಸ ಚಿಕ್ಕದಲ್ಲ. ಗುಜರಿ ಅಂಗಡಿಗೆ ಹೋಗಬೇಕಿದ್ದ ತಗಡಿನಲ್ಲಿ ಒಂದು ಕುಟುಂಬ ಮಲಗುವಷ್ಟು ಒಣಗಿದ, ಬೆಚ್ಚಗಿನ ಜಾಗ ಉಳಿಯುತ್ತದೆ. ಅದು ಕೈ ಬದಲಾಗಿ ಇನ್ನೊಬ್ಬನಿಗೆ ತಲುಪಿದಾಗ ಆ ಬೆಲೆಯಲ್ಲಿ ನಿವೇಶನದ ಪಾಲು ಒಂದು ಪೈಸೆಯೂ ಇರುವುದಿಲ್ಲ. ಇರುವುದೆಲ್ಲ ದುಡಿಮೆಯ ಪಾಲು. ಆದರೆ ಕೊಂಡವನು ಆ ರಾತ್ರಿ ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಮಾರಿದವನ ಬಳಿ ಉತ್ತರವಿಲ್ಲ. ಅದನ್ನು ಕೊಡಬೇಕಾದದ್ದು ನೆಲವುಳ್ಳವರು.